ಸಂಪಿಗೆಗೆ ಕಟ್ಟಿದ ಪೊರಕೆ

ಸುಭದ್ರಮ್ಮನ ಹಿತ್ತಲಿನ ಸಂಪಿಗೆ ಏಳು ವರ್ಷವಾದರೂ ಹೂ ಬಿಟ್ಟಿರಲಿಲ್ಲ. ಮರಕ್ಕೆ ನಾಚಿಕೆಯಾದರೂ ಆಗಲಿ ಎಂದು ಆಕೆ ರೂಢಿಯಂತೆ ಒಂದು ಮೋಟು ಪೊರಕೆಯನ್ನು ಅದರ ಕಾಂಡಕ್ಕೆ ಕಟ್ಟಿದಳು. ಮರುದಿನ ಬಚ್ಚಲೊಲೆಗೆ ಹೋಗಬೇಕಿದ್ದ ಪೊರಕೆಗೆ ಹೋದ ಜೀವ ಬಂತು.

"ಏನೇ ಸೋಮಾರಿ, ತಿಂದ ಗೊಬ್ಬರವೆಲ್ಲ ಎಲ್ಲಿ ಹೋಯಿತು?" ಎಂದು ಬೆಳಗಿನಿಂದ ಸಂಜೆಯವರೆಗೂ ಬೈಯತೊಡಗಿತು.

"ಅಕ್ಕಾ, ಬೀಜದಿಂದ ಹುಟ್ಟಿದವಳು ನಾನು. ನನಗೆ ವಯಸ್ಸು ಬಂದಿದ್ದೇ ಈಗ. ಮೊಗ್ಗು ಆಗಲೇ ಕಟ್ಟಿದೆ," ಎಂದಿತು ಮರ.

"ಎದುರುತ್ತರ ಬೇರೆ," ಎಂದಿತು ಪೊರಕೆ.

ಎಂಟನೆಯ ದಿನ ಹಿತ್ತಲೆಲ್ಲ ಘಮಘಮ. ಪೊರಕೆ ಹಿಗ್ಗಿನಲ್ಲಿ ಇದ್ದಬದ್ದ ಕಡ್ಡಿ ಉದುರಿಸುತ್ತ ಕಾಗೆಗೆ, ಅಳಿಲಿಗೆ, ಓಣಿಯ ಬೆಕ್ಕಿಗೆ ಸಾರಿತು: "ನಾನು ಬೈದೆ, ಇವಳು ಅರಳಿದಳು. ನನ್ನ ಬಾಯಿಗೆ ಹೆದರಿ ಎಂಥ ಗಿಡವೂ ಹೂ ಬಿಡುತ್ತದೆ. ನನ್ನಂಥವಳನ್ನು ಒಲೆಗೆ ಹಾಕುವುದುಂಟೇ?"

ಹಾಕಲಿಲ್ಲ. ಘಮ ಹಿಡಿದು ಬಂದ ಪಕ್ಕದ ಮನೆಯ ವಾರಿಜಕ್ಕ ಬೇಲಿಯಾಚೆಯಿಂದ ಕೇಳಿದಳು, "ಸುಭದ್ರಕ್ಕಾ, ಆ ಪೊರಕೆಯ ಕಾಲ್ಗುಣ ದೊಡ್ಡದು. ನಮ್ಮ ಸಂಪಿಗೆಗೂ ಕೊಡಿ. ಹೂ ಬಿಡೋವರೆಗೆ ನಾನಂತೂ ಬಿಚ್ಚಲ್ಲ."

ಪೊರಕೆ ಮದುಮಗಳಂತೆ ಬೀಗುತ್ತ ಬೇಲಿ ದಾಟಿತು. ವಾರಿಜಕ್ಕನ ಸಂಪಿಗೆ ಗೇಣುದ್ದವಿತ್ತು, ನಾಲ್ಕೇ ಎಲೆ. ಅದಕ್ಕೆ ಆಸರೆಯಾಗಿದ್ದ ಕೋಲಿಗೇ ಪೊರಕೆಯನ್ನು ಬಿಗಿದದ್ದಾಯಿತು.

"ಸೋಮಾರಿ, ಹೂ ಎಲ್ಲೇ?" ಎಂದು ಗದರಿತು ಪೊರಕೆ.

ಸಸಿ ಕತ್ತೆತ್ತಿ ಕೇಳಿತು, "ಅಜ್ಜೀ, ಹೂ ಅಂದರೆ ಏನು?"

ಪೊರಕೆ ಹುಟ್ಟಿದ ಮೇಲೆ ಮೊದಲ ಸಲ ಮೆಲ್ಲಗೆ ಮಾತಾಡಿತು.

"ಹೇಳ್ತೀನಿ ಮಗಳೇ. ಅವಸರವೇನಿಲ್ಲ."