ಮೂರನೆಯ ಹೂಂ

ನಮ್ಮ ಭಯಗಳನ್ನೆಲ್ಲ ತನ್ನ ಅಂಗೈಯಲ್ಲಿ ಇಟ್ಟುಕೊಂಡಿರುವ ಭಗವಂತನನ್ನು ನೆನೆದು ಇದನ್ನು ಹೇಳುತ್ತೇನೆ.

ನಾನೂರು ವರ್ಷಗಳ ಹಿಂದೆ, ಇಂಗ್ಲೆಂಡಿನಲ್ಲಿ, ಥೇಮ್ಸ್ ನದಿಯ ದಡದಲ್ಲಿ ನಥಾನಿಯಲ್ ಗ್ರೀವ್ ಎಂಬ ಶಸ್ತ್ರವೈದ್ಯರಿದ್ದರು.

ಆ ಕಾಲಕ್ಕೆ ಅಲ್ಲಿ ಕ್ಷೌರಿಕರೂ ಶಸ್ತ್ರವೈದ್ಯರೂ ಒಂದೇ ಸಂಘದವರು. ಗ್ರೀವ್ ಮೊದಲು ಗಡ್ಡ ಹೆರೆಯುವುದನ್ನು ಕಲಿತರು, ಆಮೇಲೆ ಗಾಯ ಹೊಲಿಯುವುದನ್ನು. ಇಪ್ಪತ್ತು ವರ್ಷ ಯುದ್ಧದ ಹಡಗುಗಳಲ್ಲಿ ಕಳೆದರು. ಊರಿಗೆ ಪ್ಲೇಗು ಬಂದಾಗ ದೊಡ್ಡ ವೈದ್ಯರೆಲ್ಲ ಕುದುರೆ ಹತ್ತಿ ಹೊರಟುಹೋದರು. ಇವರು ಹೋಗಲಿಲ್ಲ.

"ನನಗೆ ಕುದುರೆ ಸವಾರಿ ಬರೋದಿಲ್ಲ" ಎಂದರಂತೆ.

ಮೈ ಮರೆಸುವ ಮದ್ದು ಆಗ ಇರಲಿಲ್ಲ. ಕಾಲು ಕತ್ತರಿಸುವಾಗ ರೋಗಿ ಎಚ್ಚರವಾಗಿಯೇ ಇರುತ್ತಿದ್ದ. ಅದಕ್ಕೆ ಗ್ರೀವ್ ಒಂದು ಕ್ರಮ ಇಟ್ಟುಕೊಂಡಿದ್ದರು. ಗರಗಸವನ್ನು ಬಟ್ಟೆಯ ಕೆಳಗೆ ಮರೆಮಾಡಿ, "ಕೊಯ್ಯಲೇ?" ಎಂದು ಮೂರು ಸಲ ಕೇಳುವರು. ಮೂರು ಸಲವೂ ರೋಗಿಯೇ ಹೂಂ ಅನ್ನಬೇಕು.

"ಮೂರನೆಯ ಹೂಂ ಆದ ಮೇಲೆ ಅವನು ಏನಂದರೂ ಕಿವಿಗೆ ಹಾಕಿಕೊಳ್ಳಬೇಡ" ಎಂದು ಶಿಷ್ಯ ಟೋಬಿಯಾಸನಿಗೆ ಹೇಳುತ್ತಿದ್ದರು. "ಅರ್ಧಕ್ಕೆ ನಿಂತ ಗರಗಸ ಕೊಂದಷ್ಟು ಜನರನ್ನ ಫಿರಂಗಿಯೂ ಕೊಂದಿಲ್ಲ."

ಟೋಬಿಯಾಸ್ ಒಂಬತ್ತು ವರ್ಷ ಅವರ ಪಕ್ಕದಲ್ಲಿ ನಿಂತು ನೋಡಿದ್ದ. ತಾನೇ ಕಾಲು ಕೊಯ್ದಿರಲಿಲ್ಲ. ಗುರುವಿನ ಒಂದು ಮಾತನ್ನೂ ಮೀರಿರಲಿಲ್ಲ.

ಒಂದು ದಿನ ರೋಗಿಯೊಬ್ಬನನ್ನು ನೋಡಲು ಹೋಗಿ, ದೋಣಿಯಿಂದ ಇಳಿಯುವಾಗ, ಲಂಗರಿನ ಕೊಕ್ಕೆ ಗುರುವಿನ ಪಾದಕ್ಕೆ ನಾಟಿತು. ಐದನೆಯ ದಿನ ಬೆರಳುಗಳು ಕಪ್ಪಾದವು. ಏಳನೆಯ ದಿನ ಬೆಳಿಗ್ಗೆ ಶಿಷ್ಯ ಪಟ್ಟಿ ಬಿಚ್ಚಿದ. ವಾಸನೆಗೆ ಮುಖ ತಿರುಗಿಸಿಕೊಂಡ.

"ಎಲ್ಲಿಗೆ ಬಂತು?"

"ಪಾದದ ಗಿಣ್ಣು ದಾಟಿದೆ, ಗುರುಗಳೇ."

"ನಾಳೆಗೆ ಮೊಣಕಾಲು. ನಾಡಿದ್ದು ಸ್ಮಶಾನ. ಗರಗಸ ತೆಗಿ."

ಟೋಬಿಯಾಸ್ ಬಾಗಿಲ ಕಡೆ ತಿರುಗಿದ. "ನಾನೇ? ಹೊಳೆಯಾಚೆಯ ವೈದ್ಯರನ್ನ ಕರೆದುಕೊಂಡು ಬರ್ತೀನಿ."

"ಅವನ ಗರಗಸ ನನಗೆ ಗೊತ್ತು. ಸೌದೆಗೂ ಆಗೋದಿಲ್ಲ."

ಹಿಡಿದುಕೊಳ್ಳಲು ಅಂಬಿಗ ಡಿಕನ್ ಬಂದ. ಗುರುವನ್ನು ಮೇಜಿನ ಮೇಲೆ ಮಲಗಿಸಿ ಭುಜಗಳನ್ನು ಅದುಮಿದ.

"ನನ್ನ ಹಲ್ಲು ಕೀಳುವಾಗ ನೀವು ನನ್ನ ಎದೆ ಮೇಲೆ ಕೂತಿದ್ರಿ, ಸ್ವಾಮಿ. ಈವತ್ತು ನನ್ನ ಸರದಿ."

ನಗಿಸಲೆಂದೇ ಹೇಳಿದ್ದ. ಅವನೇ ನಗಲಿಲ್ಲ.

ಟೋಬಿಯಾಸ್ ಇದ್ದಿಲಿನಿಂದ ಕಾಲಿನ ಮೇಲೆ ಗೆರೆ ಎಳೆದ, ಕಪ್ಪು ಮುಗಿಯುವ ಅಂಚಿಗೆ ಸರಿಯಾಗಿ.

ಗುರು ತಲೆಯೆತ್ತಿ ನೋಡಿದರು. "ಸೂಜಿ ಚುಚ್ಚು."

ಗೆರೆಯ ಮೇಲೆ ಚುಚ್ಚಿದ. ಗುರು ಸುಮ್ಮನಿದ್ದರು.

"ನಾಲ್ಕು ಬೆರಳು ಮೇಲೆ."

ಚುಚ್ಚಿದ. "ಅಮ್ಮಾ!" ಎಂದು ಗುರು ಕಾಲೆಳೆದುಕೊಂಡರು. "ಗೆರೆ ಅಲ್ಲಿ ಎಳಿ."

"ಅಲ್ಲಿ ಜೀವ ಇದೆ, ಗುರುಗಳೇ. ತುಂಬಾ ನೋಯುತ್ತೆ. ಕೆಳಗಾದರೆ..."

"ಕೆಳಗೆ ನೋಯೋದಿಲ್ಲ. ಸತ್ತದ್ದು ಯಾವತ್ತಾದರೂ ನೊಂದಿದೆಯೇ? ಡಿಕನ್ನನ ಕಾಲಾಗಿದ್ದರೆ ಎಲ್ಲಿ ಎಳೀತಿದ್ದೆ?"

ಶಿಷ್ಯ ಹೆಬ್ಬೆರಳಿನಿಂದ ಗೆರೆ ಒರೆಸಿದ. ನಾಲ್ಕು ಬೆರಳು ಮೇಲೆ ಹೊಸದು ಎಳೆದ. ಅದು ನೆಟ್ಟಗೆ ಬರಲಿಲ್ಲ.

"ನಿಮಗೆ ಭಯ ಆಗ್ತಿದೆಯೇ?"

"ಆಗದೆ?"

"ನಮ್ಮಿಬ್ಬರಿಗೂ ಧೈರ್ಯ ಕೊಡು ಅಂತ ದೇವರನ್ನ ಕೇಳಲೇ?"

"ಮೊದಲು ಬೆಳಕು ಕೇಳು. ಮೋಡ ಬರ್ತಿದೆ."

ಇಬ್ಬರೂ ಕಣ್ಣು ಮುಚ್ಚಿ ಬೆಳಕು ಬೇಡಿದರು. ಮೋಡ ಸರಿಯಿತು. ದಯಾಮಯನ ಮುಂದೆ ಸಣ್ಣ ಬೇಡಿಕೆ ಎಂಬುದಿಲ್ಲ.

"ಕೊಯ್ಯಲೇ?"

"ಹೂಂ."

"ಕೊಯ್ಯಲೇ?"

ಗುರು ಕಿಟಕಿಯಾಚೆ ಹೊಳೆ ನೋಡಿದರು. "ಹೂಂ."

"ಕೊಯ್ಯಲೇ?"

ಮೂರನೆಯದು ಬಹಳ ತಡವಾಯಿತು. ಬರದೇ ಇರಲಿ ಎಂದು ಟೋಬಿಯಾಸ್ ಒಳಗೊಳಗೇ ಹಂಬಲಿಸಿದ.

"ಹೂಂ."

ಮಾಂಸ ಕೊಯ್ಯುವ ಕತ್ತಿ ತನ್ನ ಕೆಲಸ ಮುಗಿಸಿತು. ಗರಗಸ ಮೂಳೆಯ ಮೇಲೆ ಕೂತಿತು. ಆ ಸದ್ದನ್ನು ಅವನು ಒಂಬತ್ತು ವರ್ಷ ಕೇಳಿದ್ದ. ತನ್ನ ಕೈಯಿಂದ ಬಂದದ್ದು ಇದೇ ಮೊದಲು.

"ನಿಲ್ಲಿಸು!"

ಅವನು ಎಳೆದ.

"ಟೋಬಿಯಾಸ್, ನಿಲ್ಲಿಸೋ! ನಾನು ನಿನ್ನ ಗುರು! ಇದು ನನ್ನ ಆಜ್ಞೆ!"

ಕೈ ನಿಂತಿತು. ಮೂಳೆ ಅರ್ಧ ಉಳಿದಿತ್ತು. ಡಿಕನ್ ಇವನ ಮುಖವನ್ನೇ ನೋಡುತ್ತಿದ್ದ. ರಕ್ತ ಮೇಜಿನ ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ನಿಲ್ಲಿಸು ಎಂಬ ಮಾತು ಕಿವಿಯಲ್ಲಿ, ನಿಲ್ಲಿಸಬೇಡ ಎಂಬ ಮಾತು ಎದೆಯಲ್ಲಿ.

ಎರಡೂ ಒಬ್ಬರದೇ.

ಟೋಬಿಯಾಸ್ ತುಟಿಯಲ್ಲೇ ದೇವರ ಹೆಸರು ಹೇಳಿದ. ಗರಗಸ ಮತ್ತೆ ಓಡಿತು.

"ದ್ರೋಹಿ!" ಎಂದು ಕೂಗಿ ಗುರು ಪ್ರಜ್ಞೆ ತಪ್ಪಿದರು.

ಎರಡು ದಿನ ಜ್ವರ. ಶಿಷ್ಯ ನೀರು ಹನಿಸಿದ, ಪಟ್ಟಿ ಬದಲಿಸಿದ, ತಾನು ತುತ್ತು ಮುಟ್ಟಲಿಲ್ಲ. ಪಟ್ಟಿ ಬಿಚ್ಚುವಾಗಲೆಲ್ಲ ಮೊದಲು ಕಣ್ಣು ಮುಚ್ಚಿ, ಆಮೇಲೆ ತೆರೆಯುತ್ತಿದ್ದ. ಕಪ್ಪು ಬರಲಿಲ್ಲ.

ಮೂರನೆಯ ದಿನ ಗುರು ಕಣ್ಣು ಬಿಟ್ಟರು. "ಗಂಜಿ ಇದೆಯೇನೋ?"

ಶಿಷ್ಯ ಉಳಿದಿದ್ದ ಒಂದು ಪಾದವನ್ನು ಹಿಡಿದು ಬಿಕ್ಕಿದ.

"ಗುರುಗಳೇ, ನಿಮ್ಮ ಆಜ್ಞೆ ಮೀರಿದೆ. ನೀವು ಅಷ್ಟು ಕೂಗಿದರೂ ನಿಲ್ಲಿಸಲಿಲ್ಲ. ಗುರುವಿನ ಮಾತು ಮೀರಿದವನಿಗೆ ಗತಿ ಎಲ್ಲಿದೆ?"

ಗುರು ಮೊಣಕಾಲಿನ ಕೆಳಗಿನ ಪಟ್ಟಿಯನ್ನು ಮುಟ್ಟಿ ನೋಡಿದರು. ನೋವಾಯಿತು. ಮುಗುಳ್ನಕ್ಕರು.

"ಮೇಜಿನ ಮೇಲಿದ್ದವನು ಬರೀ ರೋಗಿ ಕಣೋ. ಗುರು ಗರಗಸ ಹಿಡಿದಿದ್ದ."