ಬಾಯಿಲ್ಲದ ನೊಣ

ಹೊಳೆದಂಡೆಯ ಆಶ್ರಮದಲ್ಲಿ ಹಾಲವ್ವ ಎಂಬ ಗುರು ಇದ್ದಳು. ವಯಸ್ಸಾದಂತೆ ಆಕೆಯ ದನಿ ಇಳಿಯುತ್ತ ಹೋಗಿ, ಕೊನೆಗೆ ಪಿಸುಮಾತಷ್ಟೇ ಉಳಿದಿತ್ತು.

ಹಾಗಾಗಿ ಅಲ್ಲೊಂದು ರೂಢಿ ಬೆಳೆಯಿತು. ಹಾಲವ್ವ ಶಿಷ್ಯ ತ್ರಿಯಂಬಕನ ಕಿವಿಯಲ್ಲಿ ಹೇಳುವಳು. ಅವನು ಬಂದವರಿಗೆ ಗಟ್ಟಿಯಾಗಿ ಹೇಳುವನು.

ತ್ರಿಯಂಬಕನ ಕಂಠ ಚೆನ್ನಾಗಿತ್ತು. ತೊಂದರೆ ಆದದ್ದು ಅಲ್ಲೇ.

ಬರಬರುತ್ತ ಆಕೆ ಒಂದು ಮಾತಾಡಿದರೆ ಅವನು ನಾಲ್ಕು ಆಡತೊಡಗಿದ. ಎಲ್ಲವೂ ಆಕೆಯವೇ, ಎಂದೋ ಯಾರಿಗೋ ಹೇಳಿದ್ದವು. ಜನ ತಲೆದೂಗಿದರು. ಕೆಲವರು ಮೊದಲು ಅವನಿಗೇ ಕೈಮುಗಿದು, ಆಮೇಲೆ ನೆನಪಾಗಿ ಆಕೆಯ ಕಡೆ ತಿರುಗುತ್ತಿದ್ದರು.

ಒಂದು ಬೆಳಿಗ್ಗೆ ನೇಕಾರರ ಓಣಿಯ ತುಂಗವ್ವ ಏದುಸಿರು ಬಿಡುತ್ತ ಬಂದಳು.

"ಅವ್ವಾರ, ಮಗಳು ಬಂದಾಳ್ರೀ. ಹೇಳದ ಕೇಳದ ಓಡಿಹೋಗಿ ಮದುವಿ ಆದಾಕಿ. ದೋಣಿಕಟ್ಟಿ ಮ್ಯಾಲ ಕುಂತಾಳ. ಮನಿಯೊಳಗ ಕರೀಲೋ ಬ್ಯಾಡೋ? ಕರೀದಿದ್ರ ಇದ ದೋಣಿಗೆ ವಾಪಸ್ ಹೋಗಿ, ಮತ್ತ ಈ ಕಡೆ ಮುಖ ಹಾಕಂಗಿಲ್ಲ ಅಂತಾಳ."

ಹಾಲವ್ವ ಶಿಷ್ಯನ ಕಿವಿಯಲ್ಲಿ ಏನೋ ಹೇಳಿದಳು.

ತ್ರಿಯಂಬಕ ಕಣ್ಣು ಮುಚ್ಚಿ, ತುಂಬಿದ ದನಿಯಲ್ಲಿ ನುಡಿದ: "ಹೋದ ನೀರನ್ನು ಹೊಳೆ ತಿರುಗಿ ಕರೆಯುವುದಿಲ್ಲ, ತಾಯಿ."

ತುಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನಿಗೆ ನಮಸ್ಕರಿಸಿ ಹೊರಟುಹೋದಳು.

ಹಾಲವ್ವ ಅವನ ಶಲ್ಯ ಹಿಡಿದು ಜಗ್ಗಿದಳು. "ನಾ ಏನಂದೆ?"

"ಅವ್ವಾ, ಹೊಳೆಯ ಮಾತೂ ನಿಮ್ಮದೇ ಅಲ್ಲವೇ?"

"ನನ್ನದೇ. ಹೆಂಡತಿ ಸತ್ತಳೆಂದು ಊಟ ಬಿಟ್ಟು ಕೂತಿದ್ದ ಮುದುಕನಿಗೆ ಹೇಳಿದ್ದು. ಈಗ ನಾ ಏನಂದೆ?"

ಅವನು ತಲೆ ತಗ್ಗಿಸಿದ. "ಹುಡುಗಿ ಉಂಡಾಳೇನು ಕೇಳು, ಅಂದಿರಿ."

"ಮತ್ತೆ?"

"ಅಷ್ಟು ಸಣ್ಣ ಮಾತು ಜನರಿಗೆ ಹೇಗೆ ಹೇಳಲಿ ಅನಿಸಿತು."

"ಓಡು," ಎಂದಳು ಹಾಲವ್ವ.

ಅವನು ಓಡಿದ. ಮರಳಿ ಬರುವಾಗ ಕಾಲೆಳೆಯುತ್ತ ಬಂದ.

"ದೋಣಿ ಹೋಗಿಬಿಟ್ಟಿತ್ತು ಅವ್ವಾ. ತುಂಗವ್ವ ಬಾಗಿಲು ಹಾಕಿಕೊಂಡಿದ್ದಳು. ನಿಮ್ಮ ಮಾತು ಬೇರೆಯೇ ಇತ್ತು ಅಂತ ಹೊರಗಿನಿಂದ ಕೂಗಿ ಹೇಳಿದೆ."

"ಏನಂದಳು?"

"ಇದಾದರೂ ಅವ್ವಾರ ಮಾತು ಅಂತ ಹೆಂಗ ನಂಬಲಿ, ಅಂದಳು."

ಹಾಲವ್ವ ಅವನ ಭುಜ ಹಿಡಿದು ಎದ್ದು, ಹಿತ್ತಲ ಮಣ್ಣುಗೋಡೆಯ ಹತ್ತಿರ ಕರೆದೊಯ್ದಳು. ಅಲ್ಲಿನ ಬಿಲದಲ್ಲಿ ಒಂದು ದೊಡ್ಡ ಜೇಡವಿತ್ತು; ತ್ರಿಯಂಬಕ ಬರುವ ಮೊದಲಿನಿಂದಲೂ ಇದ್ದದ್ದು.

ಈಗ ಅದರ ತೊಗಲಷ್ಟೇ ಇತ್ತು. ಒಳಗೆಲ್ಲ ಪೊಳ್ಳು. ಬಿಲದ ಬಾಯಿಯ ನೂಲಿನ ಮೇಲೆ ಒಂದು ನೊಣ ಕೂತಿತ್ತು. ಗೂನುಬೆನ್ನು, ಉಬ್ಬಿದ ಮೈ, ಇದೆಯೋ ಇಲ್ಲವೋ ಎನ್ನುವಷ್ಟು ಪುಟ್ಟ ತಲೆ.

"ಇದೆಲ್ಲಿಂದ ಬಂತು?"

"ಜೇಡದ ಒಳಗಿನಿಂದ. ನೀನು ಬಂದ ವರ್ಷ, ಧೂಳಿನ ಕಣದಷ್ಟು ಮರಿಹುಳು ಅದರ ಕಾಲು ಹತ್ತಿದ್ದನ್ನು ನೋಡಿದ್ದೆ. ಹತ್ತಿ ಮೈಯೊಳಗೆ ಹೊಕ್ಕು, ಉಸಿರಾಡುವ ಜಾಗದ ಪಕ್ಕ ಕೂತುಬಿಟ್ಟಿತು. ಎಷ್ಟೋ ವರ್ಷ ಒಂದೂ ತೊಂದರೆ ಕೊಡಲಿಲ್ಲ. ಜೇಡ ನೂತಿತು, ಬೇಟೆಯಾಡಿತು. ಹುಳಕ್ಕೆ ಕೊನೆಗೆ ಹಸಿವಾಯಿತು."

"ಈ ನೂಲು?"

"ಸಾಯುವ ಮುಂಚೆ ಜೇಡ ನೂತದ್ದು. ಇದು ರೆಕ್ಕೆ ಬೆಳೆಸಿಕೊಂಡದ್ದು ಅದರ ಆಸರೆಯಲ್ಲೇ."

ತ್ರಿಯಂಬಕ ನೊಣವನ್ನೇ ನೋಡಿದ. "ಇಷ್ಟು ತಿಂದದ್ದು ಇನ್ನು ಏನು ತಿನ್ನುತ್ತದೆ?"

"ಏನೂ ಇಲ್ಲ. ರೆಕ್ಕೆ ಬಂದಮೇಲೆ ಇದಕ್ಕೆ ಬಾಯೇ ಇಲ್ಲ."

ನೊಣ ಗುಂಯ್‌ಗುಟ್ಟಿ ಹೊಳೆಯ ಕಡೆ ಹಾರಿಹೋಯಿತು.

"ನಾನು ಈಗ ಏನು ಮಾಡಲಿ ಅವ್ವಾ?"

"ನಾಳಿನ ದೋಣಿ ಹತ್ತು. ಆ ಹುಡುಗಿಯನ್ನು ಹುಡುಕು. ಸಿಕ್ಕರೆ, ಉಂಡೆಯಾ ಅಂತ ಕೇಳು. ಮುಂದೆ ಒಂದಕ್ಷರ ಸೇರಿಸಬೇಡ."

"ಸಿಗದಿದ್ದರೆ?"

ಹಾಲವ್ವ ಬಿಲದಲ್ಲಿದ್ದ ತೊಗಲಿನ ಕಡೆ ನೋಡಿದಳು.

ಅವನು ಜೇಡದ ತೊಗಲನ್ನು ಅಂಗೈ ಮೇಲೆ ಎತ್ತಿಕೊಂಡ. ಅದಕ್ಕೆ ತೂಕವೇ ಇರಲಿಲ್ಲ.

"ಕಾಲು ಹತ್ತುವಾಗಲೇ ಜೇಡ ಅದನ್ನು ಕೊಡವಿಬಿಡಬಹುದಿತ್ತಲ್ಲ ಅವ್ವಾ. ಯಾಕೆ ಸುಮ್ಮನಿತ್ತು?"

ಹಾಲವ್ವ ಅವನ ಕಿವಿಯ ಹತ್ತಿರ ಬಾಗಿದಳು.

"ಹತ್ತುವಾಗ ಹಿತವಾಗಿತ್ತಪ್ಪಾ."