ಹಗ್ಗ ಹಿಡಿದವನ ಪಾಲು

ಒಂದಾನೊಂದು ಕಾಲದಲ್ಲಿ, ಬಂಡೆಗಳಿಗೆ ಇನ್ನೂ ವಯಸ್ಸಾಗದೆ ಇದ್ದ ಕಾಲ ಅಂತಿಟ್ಟುಕೊ ಕೂಸೇ, ತೊಡೆಕಲ್ಲು ಅಂತ ಒಂದೂರು ಇತ್ತಂತೆ. ಊರ ಹಿಂದೆ ಏಳಾಳೆತ್ತರದ ಬಂಡೆ. ಹೋದ ಸಲ ಒಂಬತ್ತು ಅಂದಿದ್ದೆನಾ? ಆಮೇಲೆ ಎರಡಾಳು ಕುಸೀತು, ಸುಮ್ನೆ ಕೇಳು.

ಆ ಊರಿನವರ ಕಸುಬು ಬಂಡೆಯ ಹೆಜ್ಜೇನು ಕೀಳೋದು. ಒಬ್ಬ ಹೊಗೆ ಹಾಕೋನು, ಒಬ್ಬ ಹಗ್ಗ ಕಟ್ಟಿಕೊಂಡು ಕೆಳಗಿಳಿಯೋನು, ಇನ್ನೊಬ್ಬ ಮೇಲೆ ಕೂತು ಆ ಹಗ್ಗ ಹಿಡಿಯೋನು. ಹಗ್ಗ ಹಿಡಿಯೋನು ಮಾತ್ರ ಇಳಿದವನ ಹೆಂಡತಿಯ ಒಡಹುಟ್ಟಿದವನೇ ಆಗಿರಬೇಕು ಅಂತ ಕಟ್ಟಳೆ. ಸ್ವಂತ ಅಣ್ಣತಮ್ಮ ಆದರೆ ಜಮೀನಿನ ಜಗಳ ನೆನಪಾಗಿ ಕೈ ಸಡಿಲ ಬಿಟ್ಟಾನು, ಬಾಮೈದ ಆದರೆ ಅಕ್ಕನ ತಾಳಿ ನೆನೆಸಿಕೊಂಡು ಗಟ್ಟಿಯಾಗಿ ಹಿಡೀತಾನೆ ಅಂತ ಲೆಕ್ಕ. ಬಂದ ಜೇನು ಮೂವರಿಗೂ ಸಮಪಾಲು.

ಹಾಗೆ ಹಗ್ಗ ಹಿಡಿಯೋರಲ್ಲಿ ಜಡೆಯ ಅಂತ ಒಬ್ಬ. ಅವನ ಅಂಗೈ ಎಂಥದ್ದು ಅಂದರೆ, ಕೆಳಗೆ ನೇತಾಡೋ ಬಾವ ಕೇತ ಸೀನಿದರೂ ಇವನಿಗೆ ಮೇಲೆ ಗೊತ್ತಾಗುತ್ತಿತ್ತಂತೆ. ಹೊಗೆ ಹಾಕೋನು ಜಡೆಯನ ಚಿಕ್ಕಪ್ಪನ ಮಗ ಬೊಮ್ಮ. ಮೂವರೂ ಒಂದೇ ತಟ್ಟೇಲಿ ಉಣ್ಣೋ ಸ್ನೇಹ.

ಆ ವರ್ಷ ಜಡೆಯನ ಅಕ್ಕ ಬಸುರಿ. ಅವಳಿಗೆ ತುಪ್ಪದ ಕಜ್ಜಾಯದ ಬಯಕೆ. ಊರಲ್ಲಿ ತುಪ್ಪ ಇದ್ದದ್ದು ಪಾಳೇಗಾರನ ಕೋಟೆಯ ಉಗ್ರಾಣದಲ್ಲಿ ಮಾತ್ರ. ಕೇಳಿದ್ದರೆ ಕೊಡುತ್ತಿದ್ದರೋ ಏನೋ, ಇವರು ಕೇಳಲೇ ಇಲ್ಲ. ಉಗ್ರಾಣದ ಮಾಡಿಗೆ ಬೆಳಕಿಂಡಿ ಇದೆ, ಒಂದೇ ಒಂದು ಗಿಂಡಿ ತರ್ತೀನಿ, ಹಗ್ಗ ಹಿಡಿ ಬಾಮೈದ ಅಂದ ಕೇತ. ಒಂದೇ ತಾನೆ ಬಾವ ಅಂದ ಜಡೆಯ. ನಿಮ್ಮಕ್ಕನಾಣೆ ಒಂದೇ ಅಂದ ಕೇತ.

ಆಮೇಲೆ ಮಧ್ಯಾಹ್ನ ಕೋಟೆಯವರೆಲ್ಲ ಮುದ್ದೆ ಉಂಡು ಗೊರಕೆ ಹೊಡೆಯೋ ಹೊತ್ತಿಗೆ ಬೊಮ್ಮ ಬಾಗಿಲ ಕಡೆ ಕಾವಲು ನಿಂತ, ಜಡೆಯ ಮಾಡಿನ ಮೇಲೆ ಹಗ್ಗ ಹಿಡಿದು ಕೂತ, ಕೇತ ಇಳಿದ. ಮೊದಲ ಸಲ ಹಗ್ಗ ಎಳೆದರೆ ಗಿಂಡಿ ತುಪ್ಪ. ಸರಿ, ಬಾ ಬಾವ ಅಂತ ಹಗ್ಗ ಮತ್ತೆ ಕೆಳಗೆ ಬಿಟ್ಟರೆ ಕೇತ ಬರಲಿಲ್ಲ, ಇನ್ನೊಂದು ಕಟ್ಟಿದೀನಿ ಎಳಿ ಅಂತ ಜಗ್ಗಿದನಂತೆ. ಎರಡನೇ ಸಲ ಎಳೆದರೆ ತೋಳು ಬೀಳೋ ಭಾರ. ಮೂಟೆಯೊಳಗೆ ಎರಡು ಬೆಳ್ಳಿ ದೀಪದ ಕಂಬ. ತುಪ್ಪ ಇಷ್ಟು ಭಾರ ಇರಲ್ಲ ಅಂತ ಮೂಟೆ ಬಿಚ್ಚೋ ಮೊದಲೇ ಅಂಗೈ ಹೇಳಿತ್ತು. ಜಡೆಯ ಅಂಗೈ ಮಾತು ಕೇಳದೆ, ತುಪ್ಪ ಹೆಪ್ಪುಗಟ್ಟಿರಬೇಕು ಅಂದುಕೊಂಡೇ ಎಳೆದಿದ್ದ.

ಮೂರನೇ ಸಲ ಕೇತ ತಾನೇ ಮೇಲೆ ಬರುವಾಗ ಉಗ್ರಾಣ ಕಾಯೋ ಮುದುಕ ಮಾಯಪ್ಪನಿಗೆ ಎಚ್ಚರ ಆಗಿ, ಬಂದು ಕಳ್ಳನ ಕಾಲಿಗೆ ಜೋತುಬಿದ್ದನಂತೆ. ಹಗ್ಗದಲ್ಲಿ ಈಗ ಇಬ್ಬರು. ಜಡೆಯನ ಅಂಗೈಗೆ ನಾಲ್ಕು ಕಾಲೂ ಗೊತ್ತಾಯ್ತು. ನಿಲ್ಲಿಸಲಿಲ್ಲ, ಎಳೆದ. ಕೇತ ಒದ್ದ. ದೊಪ್ ಅಂತ ಸದ್ದಾಯ್ತು, ಹಗ್ಗ ಹಗುರ ಆಯ್ತು. ಮಾಯಪ್ಪನ ಬಲಗಾಲು ಮುರೀತು.

ಗಿಂಡಿ ಸೋರುತ್ತಿತ್ತು ನೋಡು, ಇರುವೆಗಳು ಕೋಟೆಯಿಂದ ಇವರ ಮನೆ ತನಕ ಸಾಲು ಹಿಡಿದವು. ಇರುವೆ ಹಿಂದೆ ಆಳುಗಳು ಬಂದರು. ದೀಪದ ಕಂಬದ ಸಮೇತ ಮೂವರನ್ನೂ ಹಿಡಿದರು.

ಕದಿಯುವಾಗ ಯಾರದಾದರೂ ಕೈಕಾಲು ಮುರಿದ ಕಳ್ಳನಿಗೆ ಬಲಗೈ ಹೆಬ್ಬೆರಳು ಕತ್ತರಿಸೋದು ಆ ಸೀಮೆಯ ಕಾನೂನು. ಒದ್ದಿದ್ದು ನಾನೇ ಅಂತ ಕೇತ ಒಪ್ಪಿಕೊಂಡ. ನಾನು ಬರೀ ಬಾಗಿಲು ನೋಡ್ತಿದ್ದೆ ಅಂದ ಬೊಮ್ಮ. ಜಡೆಯ ಲೆಕ್ಕ ಹಾಕಿದ. ಹೆಬ್ಬೆರಳು ಹೋದರೆ ಹಗ್ಗ ಹಿಡಿಯೋದು ಹೇಗೆ, ಹಗ್ಗ ಹಿಡಿಯದಿದ್ದರೆ ಅವನು ಜಡೆಯನೇ ಹೇಗೆ? ಕೈಮುಗಿದು ಹೇಳಿದನಂತೆ, ನಾನು ಮಾಡಿನ ಮೇಲಿದ್ದೆ ಬುದ್ಧಿ, ಕೆಳಗಿನದು ನನಗೇನು ಗೊತ್ತು, ಬಾವಿ ರಾಟೆಗೆ ಯಾರಾದ್ರೂ ಶಿಕ್ಷೆ ಕೊಡ್ತಾರಾ?

ಪಾಳೇಗಾರ ಹೌದಲ್ಲ ಅಂತ ತಲೆದೂಗಿದ. ಪಕ್ಕದಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅವನ ತಾಯಿ ದೊಡ್ಡಮ್ಮಣ್ಣಿ ಮಾತ್ರ, ತಡಿಯಪ್ಪ, ಈ ರಾಟೆ ತಿರುಗೋದನ್ನ ಒಂದ್ಸಲ ನೋಡೋಣ ಅಂದಳು.

ಆಮೇಲೆ ಜಡೆಯನ ಕಣ್ಣಿಗೆ ಬಟ್ಟೆ ಕಟ್ಟಿ ಕೋಟೆ ಗೋಡೆ ಮೇಲೆ ಕೂರಿಸಿ, ಕೈಗೆ ಹಗ್ಗ ಕೊಟ್ಟರು. ಕೆಳಗೆ ಏನು ಕಟ್ಟಿದೆ ಹೇಳು ಅಂದಳು ದೊಡ್ಡಮ್ಮಣ್ಣಿ. ಜಡೆಯ ಒಮ್ಮೆ ಎತ್ತಿ ನೋಡಿ, ಕುಕ್ಕೆ ಪುರಿ, ತಳದಲ್ಲಿ ಅರ್ಧ ಹೊಟ್ಟು, ಪುರಿಯವನು ಮೋಸ ಮಾಡಿದಾನೆ ಅಂದ. ಜನ ನಕ್ಕು, ಭಲೇ ಅಂದರು. ಎರಡನೇ ಸಲ ಇನ್ನೇನೋ ಕಟ್ಟಿದರು. ಹಿಂದೆ ಬೊಮ್ಮ ಕೆಮ್ಮಿ ಕೆಮ್ಮಿ ಎಚ್ಚರಿಸಿದ. ಹೊಗಳಿಕೆ ಕಿವಿಗೆ ಬಿದ್ದವನಿಗೆ ಕೆಮ್ಮು ಕೇಳುತ್ತಾ? ಮೂರು ತಿಂಗಳ ಹೆಣ್ಣು ಕರು, ಇವತ್ತು ಹಾಲು ಕುಡಿದಿಲ್ಲ ಪಾಪ ಅಂದನಂತೆ ಜಂಬದಲ್ಲಿ.

ಮೂರನೇ ಸಲ ಹಗ್ಗ ಅಂಗೈಗೆ ಬಂತು. ಜಡೆಯನ ನಗು ಆರಿಹೋಯ್ತು. ಅವತ್ತು ಬಾವನ ಕಾಲಿಗೆ ಜೋತುಬಿದ್ದ ಅದೇ ಭಾರ, ಅದೇ ನಡುಕ. ಈಗ ಒಂದು ಕಾಲು ಆಡ್ತಿರಲಿಲ್ಲ.

ಏನದು ಅಂದಳು ದೊಡ್ಡಮ್ಮಣ್ಣಿ.

ರಾಗಿ ಮೂಟೆ ಅಂದ.

ಮೂಟೆ ಆದ್ರೆ ಬಿಟ್ಟುಬಿಡು, ನಮ್ಮ ಕಣಜದಲ್ಲಿ ರಾಗಿಗೇನು ಬರ ಅಂದಳು.

ಜಡೆಯ ಬಿಡಲಿಲ್ಲ. ಬಿಡಪ್ಪ ಅಂದಳು. ಅಂಗೈ ಬೆವೆತು ಹಗ್ಗ ಒಂದು ಗೇಣು ಜಾರಿತು, ಕೆಳಗಿನ ನಡುಕ ಜಾಸ್ತಿ ಆಯ್ತು. ಜಡೆಯ ಹಗ್ಗವನ್ನ ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು, ಮೂಟೆ ಅಲ್ಲ ತಾಯಿ, ಮಾಯಪ್ಪ. ಹೆದರಿದಾನೆ. ಅವತ್ತೂ ಹೆದರಿದ್ದ. ನಂಗೊತ್ತಿತ್ತು, ಗೊತ್ತಿದ್ದೇ ಎಳೆದೆ ಅಂದನಂತೆ.

ಕಣ್ಣಿನ ಬಟ್ಟೆ ಬಿಚ್ಚಿದರೆ, ಮಾಯಪ್ಪನ ಕಾಲ ಕೆಳಗೇ ಎರಡು ಗಾಡಿ ಹುಲ್ಲು. ಎರಡು ಹಿಡಿ ಹೊಗೆಸೊಪ್ಪಿನ ಆಸೆಗೆ ಮುದುಕ ತಾನೇ ಒಪ್ಪಿ ಜೋತುಬಿದ್ದಿದ್ದನಂತೆ.

ಆಮೇಲೆ ದೊಡ್ಡಮ್ಮಣ್ಣಿ ಕೇಳಿದಳು, ಜೇನು ಬಂದರೆ ಹೇಗಪ್ಪ ಹಂಚ್ಕೊತೀರಿ? ಮೂರು ಸಮಪಾಲು ಅಂದ ಜಡೆಯ. ಸಿಹಿಗೊಂದು ಲೆಕ್ಕ, ಕಹಿಗಿನ್ನೊಂದು ಲೆಕ್ಕ ಇರುತ್ತಾ ಅಂದಳು. ಜಡೆಯ ತಾನೇ ಬಲಗೈ ಹೆಬ್ಬೆರಳು ಮುಂದೆ ಚಾಚಿದ. ಬಾಮೈದನ್ನ ಬಿಡಿ, ಒದ್ದಿದ್ದು ನಾನು ಅಂತ ಕೇತ ತನ್ನ ಬೆರಳೂ ಇಟ್ಟ. ಬೊಮ್ಮ ಸುತ್ತ ನೋಡಿ, ತಪ್ಪಿಸಿಕೊಳ್ಳೋಕೆ ಸಂದಿ ಕಾಣದೆ, ತನ್ನದನ್ನೂ ಇಟ್ಟನಂತೆ.

ಪಾಳೇಗಾರ ಕತ್ತಿ ತರಿಸಿದ. ಅಷ್ಟರಲ್ಲಿ ಹುಲ್ಲಿನೊಳಗಿಂದ ಮಾಯಪ್ಪ ಗೊಣಗಿದ, ಬುದ್ಧಿ, ಮೂರು ಹೆಬ್ಬೆರಳು ತಗೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ? ನನ್ನ ಹೊತ್ತು ತಿರುಗೋರು ಯಾರು?

ಅದೇ ತೀರ್ಪು ಆಯ್ತು. ಬೆರಳು ಉಳೀತು. ಕಾಲು ಕೂಡಿಕೊಳ್ಳೋ ತನಕ ಮೂವರೂ ಸರದಿ ಮೇಲೆ ಮಾಯಪ್ಪನನ್ನ ಮನೆಯಿಂದ ಉಗ್ರಾಣಕ್ಕೆ, ಉಗ್ರಾಣದಿಂದ ಮನೆಗೆ ಹೊರಬೇಕು, ಆ ವರ್ಷದ ಮೊದಲ ಜೇನು ಅವನ ಮನೆಗೆ. ಒದ್ದವನಿಗೆ ಹೆಚ್ಚಿಲ್ಲ, ಕಾವಲು ನಿಂತವನಿಗೆ ಕಮ್ಮಿಯಿಲ್ಲ. ಮುದುಕ ಬೆನ್ನ ಮೇಲೆ ಕೂತು ನಿಧಾನ, ಆ ಕಡೆ ನೆರಳಲ್ಲಿ ಹೋಗು, ನಿನಗಿಂತ ನಿಮ್ಮ ಬಾವನ ಬೆನ್ನೇ ಮೆತ್ತಗೆ ಅಂತ ಕಾಟ ಕೊಡುತ್ತಿದ್ದನಂತೆ. ಎರಡೇ ತಿಂಗಳಿಗೆ ಕಾಲು ಕೂಡಿತ್ತು, ಅವನು ಹೇಳಿದ್ದು ಆರು ತಿಂಗಳಿಗೆ.

ಮುಂದಿನ ಸಲ ಬಂಡೆ ಮೇಲೆ ಕೇತ ಹಗ್ಗ ಕಟ್ಟಿಕೊಂಡು ನಿಂತರೆ ಜಡೆಯ ಹಗ್ಗ ಮುಟ್ಟಲಿಲ್ಲ. ಏನು ತರ್ತೀಯ ಬಾವ, ಎಷ್ಟು ತರ್ತೀಯ, ಮೊದಲು ಬಾಯಿಬಿಟ್ಟು ಹೇಳು ಅಂದ. ಎರಡು ಜೇನುಹುಟ್ಟು ಅಂದ ಕೇತ. ಮೂರನೇದು ಕೈಗೆ ಸಿಕ್ಕರೆ? ಅಲ್ಲೇ ಬಿಡ್ತೀನಿ ಬಾಮೈದ. ಆಮೇಲೆ ಹಿಡಿದನಂತೆ. ಸಂಜೆ ಮೂರು ಪಾಲು ಹಂಚಿಕೊಂಡು, ರೊಟ್ಟಿ ಮುರಿದು ಜೇನಲ್ಲಿ ಅದ್ದಿ, ಮೂವರೂ ಐದೈದು ಬೆರಳೂ ನೆಕ್ಕಿಕೊಂಡು ಸುಖವಾಗಿ ಉಂಡರಂತೆ. ಅಲ್ಲಿಗೆ ಅವರ ಊಟ ಮುಗೀತು, ನನ್ನ ಕತೇನೂ ಮುಗೀತು, ಮಗ್ಗುಲಾಗು ಕೂಸೇ.